‘ಪೂರ್ತಿ ರಿಫಂಡ್’ ಅನ್ನುವವರಿಗೆ ಓಟಿಪಿ ಕೊಡಬೇಡಿ

ಬರೆಯೋಕೆ ನಾಚಿಕೆ ಆಗುತ್ತಿದೆ. ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ. ಆದರೂ ಬರೆಯುತ್ತಿದ್ದೇನೆ. ನನ್ನ ಆದಾಯ ತೆರಿಗೆ ರಿಟರ್ನನ್ನು ಸುಳ್ಳು ತುಂಬಿದ ಏಜೆಂಟನ ಕಥೆ ಇದು. ಯಾಕೆಂದರೆ ಆ ಮನುಷ್ಯನ ಕಾರ್ಡು ಇವತ್ತಿಗೂ ಮುಂಬೈ ಹತ್ತಿರದ ನಮ್ಮ ಡೊಂಬಿವಲಿ, ಠಾಣೆ ಕಡೆಯ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಹೆಸರು ಹಾಕುವುದಿಲ್ಲ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ.

ನಾನು ಮನೆಯಿಂದಲೇ ಕೆಲಸ ಮಾಡುವವಳು. ಅಂಧೇರಿಯ ಒಂದು ಸ್ಟುಡಿಯೋಗೆ ಕನ್ನಡ ಸಬ್‌ಟೈಟಲ್ ಬರೆದುಕೊಡುತ್ತೇನೆ. ಸಂಬಳ ಅಲ್ಲ, ಬಿಲ್ ಹಾಕಿದರೆ ದುಡ್ಡು. ಪ್ರತಿ ಬಿಲ್ಲಿನಲ್ಲೂ ಶೇಕಡಾ 10 ಟಿಡಿಎಸ್, ಅಂದರೆ ತೆರಿಗೆ ಅಂತ ಮೊದಲೇ ಮುರಿಯುವ ದುಡ್ಡು, ಹಿಡಿದುಕೊಂಡೇ ಕೊಡುತ್ತಾರೆ. ಹೆಚ್ಚಾಗಿ ಹೋಗಿದ್ದರೆ ರಿಟರ್ನ್ ಹಾಕಿ ರಿಫಂಡ್ ತೆಗೆದುಕೊಳ್ಳಬೇಕು. 2023-24ರಲ್ಲಿ ಒಟ್ಟು 9,20,000 ರೂಪಾಯಿ ಬಿಲ್ ಆಗಿತ್ತು. 92,000 ಟಿಡಿಎಸ್ ಹೋಗಿತ್ತು. ರಾತ್ರಿ ಎರಡರವರೆಗೆ ಕಣ್ಣು ಉರಿಸಿಕೊಂಡು ದುಡಿದದ್ದು. ಅದರಲ್ಲಿ 92,000 ಹೋಯಿತಲ್ಲ ಅನ್ನುವ ಸಂಕಟ ಇತ್ತಲ್ಲ, ಅದೇ ನನಗೆ ಮುಳುವಾಯಿತು.

ಒಂದು ಮುಂಜಿ ಊಟದಲ್ಲಿ ಪರಿಚಯದವರೊಬ್ಬರು ಇವನನ್ನು ತೋರಿಸಿದರು. ‘ನಮ್ಮವರೇ, ವಿಜಯಪುರ ಕಡೆಯವರು, ನನಗೂ ಪೂರ್ತಿ ರಿಫಂಡ್ ಮಾಡಿಸಿಕೊಟ್ಟಿದ್ದಾರೆ’ ಅಂದರು. ನಮ್ಮವರೇ ಅಂದ ಮೇಲೆ ಸಿಎ ಹೌದಾ ಅಲ್ಲವಾ ಅಂತ ಯಾರು ಕೇಳುತ್ತಾರೆ? ನಾನೂ ಕೇಳಲಿಲ್ಲ. ಆಮೇಲೆ ಗೊತ್ತಾಯಿತು, ಸಿಎ ಅಲ್ಲ. ಕಾರ್ಡಿನಲ್ಲಿ ಬರೀ ‘ಟ್ಯಾಕ್ಸ್ ಕನ್ಸಲ್ಟಂಟ್’ ಅಂತ ಇದೆ.

‘ಅಕ್ಕಾರ, ಪ್ಯಾನು, ಆಧಾರು, ಬ್ಯಾಂಕ್ ಪಾಸ್‌ಬುಕ್ ಫೋಟೋ ಕಳಸ್ರಿ ಸಾಕು. ರಿಫಂಡ್ ಬಂದ್ ಮ್ಯಾಲ ಹತ್ತು ಪರ್ಸೆಂಟ್ ನಂಗ ಕೊಡ್ರಿ. ಬರಲಿಲ್ಲಂದ್ರ ಒಂದ್ ರೂಪಾಯಿನೂ ಬ್ಯಾಡ.’ ಎಷ್ಟು ಚೆನ್ನಾಗಿತ್ತು ಅಲ್ವಾ ಮಾತು? ಖರ್ಚಿನ ಲೆಕ್ಕ ಕೇಳಲಿಲ್ಲ. ಬಿಲ್ ಕೇಳಲಿಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಎರಡು ದಿನ ಬಿಟ್ಟು ಬೆಳಿಗ್ಗೆ ಒಂಬತ್ತಕ್ಕೆ ಫೋನ್. ನಾನು ದೋಸೆ ಹುಯ್ಯುತ್ತಿದ್ದೆ. ‘ಆಧಾರ್ ಓಟಿಪಿ ಬಂದೈತಿ ನೋಡ್ರಿ, ಲಗೂನ ಹೇಳ್ರಿ.’ ಹೇಳಿದೆ. ಮಗುಚುವ ಕೈಯಲ್ಲೇ ಆರು ಅಂಕಿ ಓದಿ ಹೇಳಿದೆ. ಅದು ಇ-ವೆರಿಫೈ ಓಟಿಪಿ, ಅಂದರೆ ನನ್ನ ಸಹಿ. ಸಹಿ ಹಾಕಿದ ಕಾಗದ ಹೇಗಿತ್ತು ಅಂತ ನಾನು ನೋಡಿರಲೇ ಇಲ್ಲ.

2024ರ ಆಗಸ್ಟಿನಲ್ಲಿ ದುಡ್ಡು ಬಂತು. ಪೂರ್ತಿ. ಖುಷಿಯಲ್ಲಿ 9,200 ಅವನಿಗೆ ಜಿಪೇ ಮಾಡಿದೆ, ಮೇಲೆ ಪೇಡಾ ಬೇರೆ! ಇನ್ನಿಬ್ಬರಿಗೆ ಅವನ ನಂಬರೂ ಕೊಟ್ಟೆ. ಆ ಇಬ್ಬರ ಮುಖ ಈಗ ಹೇಗೆ ನೋಡಲಿ?

2025ರ ಜುಲೈ 14ಕ್ಕೆ ಆದಾಯ ತೆರಿಗೆ ಇಲಾಖೆಯವರು ದೇಶದಲ್ಲಿ 150 ಕಡೆ ತಪಾಸಣೆ ಮಾಡಿದ ಸುದ್ದಿ ಓದಿದೆ. ಸುಳ್ಳು ವಿನಾಯಿತಿ ತೋರಿಸಿ ರಿಫಂಡ್ ಮಾಡಿಸುವ ಏಜೆಂಟರ ಮೇಲೆ. ಇಂಥವರು ಗಿರಾಕಿಗಳ ಹೆಸರಲ್ಲಿ ತಾತ್ಕಾಲಿಕ ಇಮೇಲ್ ಮಾಡಿಟ್ಟು ಫೈಲ್ ಮಾಡುತ್ತಾರೆ, ನೋಟಿಸ್ ಬಂದರೂ ಯಾರೂ ಓದುವುದಿಲ್ಲ ಅಂತಲೂ ಅದರಲ್ಲಿತ್ತು. ಲೋಕಲ್‌ನಲ್ಲಿ ನಿಂತಿದ್ದೆ. ಕಾಲು ತಣ್ಣಗಾಯಿತು.

ಮನೆಗೆ ಬಂದು ಪೋರ್ಟಲ್ ತೆರೆದೆ. ಪಾಸ್‌ವರ್ಡ್ ಗೊತ್ತಿಲ್ಲ. ಮರೆತದ್ದಲ್ಲ, ಯಾವತ್ತೂ ಗೊತ್ತೇ ಇರಲಿಲ್ಲ. ನನ್ನ ಪ್ಯಾನಿನ ಖಾತೆ, ನನಗೇ ಗೊತ್ತಿಲ್ಲ. ಆಧಾರ್ ಓಟಿಪಿ ಹಾಕಿ ಪಾಸ್‌ವರ್ಡ್ ಬದಲಿಸಿ ಒಳಗೆ ಹೋದರೆ ಮೊಬೈಲ್ ನಂಬರ್ ನನ್ನದಲ್ಲ. ಇಮೇಲ್ ನನ್ನ ಹೆಸರಿನ ಮುಂದೆ ನಾಲ್ಕು ಅಂಕಿ ಸೇರಿಸಿ ಯಾರೋ ಮಾಡಿದ್ದು. ಆ ಇಮೇಲಿಗೆ ಏನೇನು ಬಂದಿತ್ತೋ, ದೇವರಿಗೇ ಗೊತ್ತು.

ಆಮೇಲೆ ರಿಟರ್ನಿನ ಪಿಡಿಎಫ್ ಇಳಿಸಿಕೊಂಡೆ. ಐಟಿಆರ್-1. ಅದು ಸಂಬಳದವರ ಫಾರ್ಮು. ನನ್ನ 9,20,000 ‘ಸಂಬಳ’ ಆಗಿತ್ತು. ಅದಕ್ಕೆ 50,000 ಸ್ಟ್ಯಾಂಡರ್ಡ್ ಡಿಡಕ್ಷನ್. ಮನೆ ಬಾಡಿಗೆ ಭತ್ಯೆ 1,20,000. ನಾವಿರುವುದು ಸ್ವಂತ ಫ್ಲ್ಯಾಟಿನಲ್ಲಿ, ಸ್ವಾಮಿ! 80ಸಿ, ಅಂದರೆ ಉಳಿತಾಯದ ವಿನಾಯಿತಿ, ಪೂರ್ತಿ ಒಂದೂವರೆ ಲಕ್ಷ. ಆರೋಗ್ಯ ವಿಮೆ 25,000. ಕೊನೆಗೆ 80ಜಿಜಿಸಿ, ರಾಜಕೀಯ ಪಕ್ಷಕ್ಕೆ ದೇಣಿಗೆ, 80,000. ಗಣಪತಿ ಚಂದಾ 501 ಕೊಡುವಾಗ ಚೌಕಾಸಿ ಮಾಡುವವಳು ನಾನು. ಎಲ್ಲ ಕಳೆದು ಆದಾಯ 4,95,000ಕ್ಕೆ ತಂದು ನಿಲ್ಲಿಸಿದ್ದ. ಹಳೆ ಪದ್ಧತಿಯಲ್ಲಿ ಐದು ಲಕ್ಷದ ಒಳಗೆ, ತೆರಿಗೆ ಸೊನ್ನೆ. ಮೂರು ಸಲ ಓದಿದೆ. ಪ್ರತಿ ಸಾಲಿನ ಕೆಳಗೂ ನಾನೇ ಇದ್ದೆ.

ಫೋನ್ ಮಾಡಿದೆ. ‘ಅಕ್ಕಾರ, ಯಾಕ ತಲಿ ಕೆಡಿಸ್ಕೋತೀರಿ? ಏನೂ ಆಗಂಗಿಲ್ಲ. ಎಲ್ಲಾರದೂ ಹಿಂಗ ಮಾಡೂದು.’ ಮರುದಿನ ಮತ್ತೆ ಮಾಡಿದೆ, ಜೋರಾಗಿಯೇ ಕೇಳಿದೆ. ‘ರೊಕ್ಕ ನಿಮ್ಮ ಖಾತೆಗೆ ಬಂತೋ, ನನ್ನ ಖಾತೆಗೆ ಬಂತೋ?’ ನೋಟಿಸ್ ಬಂದರೆ ನೀವು ಬರುತ್ತೀರಾ ಅಂದೆ. ‘ನಾ ಯಾಕ ಬರ್ಲಿ? ನಾ ಎಲ್ಲಿ ಸಹಿ ಮಾಡೇನಿ? ಓಟಿಪಿ ಕೊಟ್ಟಾವ್ರು ನೀವಲ್ರೀ.’ ನಗುತ್ತಾ ಹೇಳಿದ. ಆ ನಗು ಈಗಲೂ ಕಿವಿಯಲ್ಲಿದೆ. 9,200 ವಾಪಸ್ ಕೇಳಿ ಮೆಸೇಜ್ ಹಾಕಿದೆ. ನೀಲಿ ಟಿಕ್ ಬಂತು. ಸಂಜೆಗೆ ಅವನ ಡಿಪಿ ಕಾಣೆ. ಬ್ಲಾಕ್.

ಮುಲುಂಡಿನ ಒಬ್ಬ ಸಿಎ ಹತ್ತಿರ ಹೋದೆ. ಗುಜರಾತಿ ಹೆಂಗಸು, ಮಾತು ಕಡಿಮೆ. ನನ್ನ ನಿಜವಾದ ಖರ್ಚು ಬರೆಸಿಕೊಂಡರು: ಇಂಟರ್ನೆಟ್, ಸಾಫ್ಟ್‌ವೇರ್ ಚಂದಾ, ಕೆಲಸದ ಕೋಣೆಯ ಕರೆಂಟು, ಲ್ಯಾಪ್‌ಟಾಪಿನ ಸವಕಳಿ ಶೇಕಡಾ 40. ಎಲ್ಲ ಸೇರಿ 1,60,000. ಉಳಿದ 7,60,000ಕ್ಕೆ, ವಿನಾಯಿತಿ ಕಡಿಮೆ, ದರವೂ ಕಡಿಮೆ ಇರುವ ಹೊಸ ಪದ್ಧತಿಯಲ್ಲಿ ತೆರಿಗೆ ಎಷ್ಟು ಗೊತ್ತಾ? ಸೆಸ್ ಸೇರಿ 32,240. ಅಂದರೆ ಒಂದೂ ಸುಳ್ಳು ಹೇಳದೆ 59,760 ರಿಫಂಡ್ ಬರುತ್ತಿತ್ತು! ಬರುತ್ತಿತ್ತು. ನೆಟ್ಟಗೆ ಐಟಿಆರ್-3, ಅಂದರೆ ಸ್ವಂತ ಕೆಲಸದವರ ಫಾರ್ಮು, ತುಂಬಿದ್ದರೆ ಸಾಕಿತ್ತು. ಇದನ್ನು ಕೇಳಿದಾಗ ಅಳು ಬಂದಷ್ಟು ಆ ಪಿಡಿಎಫ್ ನೋಡಿದಾಗಲೂ ಬಂದಿರಲಿಲ್ಲ.

ಈಗ ಅಪ್‌ಡೇಟೆಡ್ ರಿಟರ್ನ್, ಅಂದರೆ ತಪ್ಪು ತಿದ್ದಿದ ರಿಟರ್ನ್, ಹಾಕಿದ್ದೇವೆ. ತೆರಿಗೆ, ಬಡ್ಡಿ, ಅದರ ಮೇಲೆ ಶೇಕಡಾ 25 ಹೆಚ್ಚುವರಿ. 40 ಸಾವಿರ ದಾಟಿತು. ಸಿಎ ಫೀಸು ಬೇರೆ. ಅವನಿಗೆ ಕೊಟ್ಟ 9,200 ಬೇರೆ. ಪೇಡಾ ಬಿಡಿ. ಇಲಾಖೆಯವರೇ ಹಿಡಿದಿದ್ದರೆ ತೆರಿಗೆಯ ಎರಡು ಪಟ್ಟು ದಂಡ ಬೀಳಬಹುದಿತ್ತಂತೆ. ‘ತಾವಾಗಿ ಬಂದಿರಿ, ಒಳ್ಳೇದಾಯಿತು’ ಅಂದರು ಸಿಎ. ನನಗೇನೂ ಒಳ್ಳೇದು ಅನ್ನಿಸಲಿಲ್ಲ.

ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆದರೂ, ರಿಫಂಡಿನಲ್ಲಿ ಪಾಲು ಕೇಳುವವರ ಹತ್ತಿರ ಹೋಗಬೇಡಿ. ನಮ್ಮ ಭಾಷೆಯವರು, ನಮ್ಮ ಊರಿನವರು ಅಂತಂತೂ ಹೋಗಲೇಬೇಡಿ. ಪೋರ್ಟಲಿನಲ್ಲಿ ನಿಮ್ಮದೇ ನಂಬರ್ ಇರಲಿ. ಪಿಡಿಎಫ್ ಓದದೆ ಓಟಿಪಿ ಕೊಡಬೇಡಿ, ದೋಸೆ ಸೀದರೆ ಸೀಯಲಿ.

ಅವನ ಹತ್ತಿರ 2024ರಲ್ಲಿ ಮಾಡಿಸಿದವರು ಇವತ್ತು ರಾತ್ರಿಯೇ ಲಾಗಿನ್ ಆಗಿ ನೋಡಿ. ಆ ವರ್ಷದ್ದನ್ನು 2026ರ ಮಾರ್ಚ್ 31ರ ಒಳಗೆ ಸರಿ ಮಾಡಿದವರಿಗೆ ಹೆಚ್ಚುವರಿ ಶೇಕಡಾ 25, ಅಲ್ಲಿಂದ ಒಂದು ವರ್ಷ ಶೇಕಡಾ 50, ಆಮೇಲೆ ಇನ್ನೂ ಹೆಚ್ಚು. ನಾನು ನಂಬರ್ ಕೊಟ್ಟ ಇಬ್ಬರಲ್ಲಿ ಒಬ್ಬರು ಸಿಕ್ಕಿದರು, ಅವರ ರಿಟರ್ನಿನಲ್ಲೂ ಅದೇ ದೇಣಿಗೆ, ಅದೇ 80,000. ಇನ್ನೊಬ್ಬರು ನನ್ನ ಫೋನ್ ಎತ್ತುತ್ತಿಲ್ಲ. ಅಕ್ಕಾ, ಇದನ್ನು ಓದಿದರೆ ದಯವಿಟ್ಟು ಒಂದು ಸಲ ಎತ್ತಿ.