ಎನ್‌ಪಿಟಿಇಎಲ್‌ನ ಪವರ್ ಎಲೆಕ್ಟ್ರಾನಿಕ್ಸ್ ಕೋರ್ಸ್: ರಾಯಚೂರು ಸೀಮೆಯ ವಿದ್ಯಾರ್ಥಿಯ ಕಣ್ಣಿನಿಂದ ಒಂದು ವಿಮರ್ಶೆ

ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಎಲ್. ಉಮಾನಂದ ಅವರು ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ಗಾಗಿ ನಡೆಸಿಕೊಟ್ಟಿರುವ ‘ಫಂಡಮೆಂಟಲ್ಸ್ ಆಫ್ ಪವರ್ ಎಲೆಕ್ಟ್ರಾನಿಕ್ಸ್’ ಎಂಬ 12 ವಾರಗಳ ಕೋರ್ಸು ನಮ್ಮ ಭಾಗದ ಎಲೆಕ್ಟ್ರಿಕಲ್ ವಿದ್ಯಾರ್ಥಿಗಳಿಗೆ ತುರ್ತಾಗಿ ಬೇಕಾದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಶಕ್ತಿನಗರದ ಆರ್‌ಟಿಪಿಎಸ್, ಯರಮರಸ್‌ನ ತಲಾ 800 ಮೆಗಾವ್ಯಾಟ್‌ನ ಎರಡು ಘಟಕಗಳು, ಆಚೆಗೆ ಕುಡತಿನಿಯ ಬಿಟಿಪಿಎಸ್ ಎಂಬ ಉಷ್ಣ ವಿದ್ಯುತ್ ಸ್ಥಾವರಗಳ ನಡುವೆ ಬೆಳೆದ ಹುಡುಗರಿಗೆ ವಿದ್ಯುತ್ ಎಂದರೆ ಜನರೇಟರು, ಟ್ರಾನ್ಸ್‌ಫಾರ್ಮರು ಎಂದೇ ಮನಸ್ಸಿಗೆ ಬರುತ್ತದೆ. ಆದರೆ ಸಿಂಧನೂರು, ಗಂಗಾವತಿಯ ರೈಸ್ ಮಿಲ್ಲುಗಳ ಮೋಟರುಗಳಿಗೆ ಜೋಡಿಸುವ, ವೇಗ ಹೆಚ್ಚುಕಡಿಮೆ ಮಾಡುವ ವಿಎಫ್‌ಡಿ, ಹೊಲದ ಸೋಲಾರ್ ಪಂಪ್‌ಸೆಟ್ಟಿನ ಕಂಟ್ರೋಲರ್, ಮನೆಯ ಯುಪಿಎಸ್, ಇವೆಲ್ಲ ಪವರ್ ಎಲೆಕ್ಟ್ರಾನಿಕ್ಸ್‌ನ, ಅಂದರೆ ಎಲೆಕ್ಟ್ರಾನಿಕ್ ಸ್ವಿಚ್ಚುಗಳಿಂದ ವಿದ್ಯುತ್ತಿನ ರೂಪ ಬದಲಿಸುವ ವಿದ್ಯೆಯ, ಉಪಕರಣಗಳು. ಅವುಗಳ ಕಾರ್ಡು ಕೆಟ್ಟರೆ ಬಿಚ್ಚಿ ದೂರದ ಊರಿಗೆ ಕಳಿಸುವ ಬದಲು ಇಲ್ಲಿಯೇ ದೋಷ ಹುಡುಕಬಲ್ಲವರು ನಮ್ಮ ಕಾಲೇಜುಗಳಿಂದ ಹೊರಬರಬೇಕಾಗಿದೆ.

ಪಾಠದ ದೊಡ್ಡ ಗುಣವೆಂದರೆ ಸೂತ್ರವನ್ನು ಕೈಗಿಡದೆ, ಅದು ಎಲ್ಲಿಂದ ಹುಟ್ಟಿತು ಎಂಬುದನ್ನು ಹಂತಹಂತವಾಗಿ ಕಟ್ಟಿ ತೋರಿಸುವುದು. ಡಿಸಿ ವೋಲ್ಟೇಜನ್ನು ಇಳಿಸುವ ಬಕ್ ಕನ್ವರ್ಟರನ್ನೇ ತೆಗೆದುಕೊಳ್ಳಿ. ಸ್ಥಿರ ಸ್ಥಿತಿಯಲ್ಲಿ ಅದರ ಇಂಡಕ್ಟರಿನ, ಅಂದರೆ ತಂತಿ ಸುರುಳಿಯ, ಮೇಲಿನ ಸರಾಸರಿ ವೋಲ್ಟೇಜು ಶೂನ್ಯವಾಗಿರಲೇಬೇಕು. ಇಲ್ಲದಿದ್ದರೆ ಕರೆಂಟು ಸುತ್ತು ಸುತ್ತಿಗೂ ಏರುತ್ತಲೋ ಇಳಿಯುತ್ತಲೋ ಹೋಗುತ್ತದೆ. ಈ ಒಂದು ಮಾತು ಮನಸ್ಸಿಗೆ ಹತ್ತಿದರೆ ಉಳಿದದ್ದು ಲೆಕ್ಕ ಮಾತ್ರ. 24 ವೋಲ್ಟ್ ಕೊಟ್ಟು, ಪ್ರತಿ ಸುತ್ತಿನ ಕಾಲುಭಾಗ ಮಾತ್ರ ಸ್ವಿಚ್ಚನ್ನು ಆನ್ ಇಟ್ಟರೆ ಔಟ್‌ಪುಟ್ 6 ವೋಲ್ಟ್ ಆಗಬೇಕು: ಆನ್ ಇದ್ದಾಗ ಇಂಡಕ್ಟರಿನ ಮೇಲೆ 18 ವೋಲ್ಟ್ ಕಾಲು ಅವಧಿ, ಆಫ್ ಇದ್ದಾಗ ವಿರುದ್ಧ ದಿಕ್ಕಿನಲ್ಲಿ 6 ವೋಲ್ಟ್ ಮುಕ್ಕಾಲು ಅವಧಿ, ಎರಡೂ ಗುಣಲಬ್ಧ 4.5. ಪರೀಕ್ಷೆಗೆಂದು ಸೂತ್ರವನ್ನು ಬಾಯಿಪಾಠ ಮಾಡಿದವನಿಗೆ ವೋಲ್ಟೇಜು ಏರಿಸುವ ಬೂಸ್ಟ್ ಕನ್ವರ್ಟರ್ ಬಂದಾಗ ಮತ್ತೊಂದು ಬಾಯಿಪಾಠ ಬೇಕು. ಹೀಗೆ ಕಲಿತವನು ಅದನ್ನು ತಾನೇ ಬರೆದುಕೊಳ್ಳುತ್ತಾನೆ.

ಸರ್ಕ್ಯೂಟನ್ನು ಕಂಪ್ಯೂಟರಿನಲ್ಲೇ ನಡೆಸಿ ನೋಡುವ ಸಿಮ್ಯುಲೇಶನ್‌ಗೆ ಎನ್‌ಜಿಸ್ಪೈಸ್ ಎಂಬ ಮುಕ್ತ ತಂತ್ರಾಂಶವನ್ನು ಬಳಸಿರುವುದು ನನಗೆ ಬಹಳ ಮೆಚ್ಚುಗೆಯಾಯಿತು. ಲೈಸೆನ್ಸಿಗೆ ದುಡ್ಡು ಬೇಡ, ಸಾಧಾರಣ ಲ್ಯಾಪ್‌ಟಾಪಿನಲ್ಲಿಯೂ ನಡೆಯುತ್ತದೆ.

ಕೊರತೆಯೂ ಇದೆ, ಅದು ವಿಡಿಯೋ ಪಾಠ ಎಂಬ ಮಾಧ್ಯಮದ್ದೇ. ನಿಜವಾದ ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚು ಆಫ್ ಆದ ಕ್ಷಣದಲ್ಲಿ ತಂತಿಗಳ ಅಲ್ಪ ಇಂಡಕ್ಟೆನ್ಸಿನಿಂದ ತರಂಗದ ಅಂಚಿನಲ್ಲಿ ಏಳುವ ರಿಂಗಿಂಗ್ ಎಂಬ ವೇಗದ ಏರಿಳಿತ, ಹೀಟ್‌ಸಿಂಕಿಗೆ ಏರುವ ಬಿಸಿ, ಇವು ಆದರ್ಶ ಬಿಡಿಭಾಗಗಳಿಂದ ಕಟ್ಟಿದ ಸಿಮ್ಯುಲೇಶನ್ನಿನಲ್ಲಿ ತಾವಾಗಿ ಕಾಣಿಸಿಕೊಳ್ಳುವುದಿಲ್ಲ. ಆದ್ದರಿಂದ ಬಕ್ ಪಾಠ ಮುಗಿದ ವಾರವೇ 12 ವೋಲ್ಟಿನ ಅಡಾಪ್ಟರಿನಿಂದ ನಡೆಯುವ ಒಂದು ಸಣ್ಣ ಸರ್ಕ್ಯೂಟನ್ನು ಕಾಲೇಜಿನ ಲ್ಯಾಬಿನಲ್ಲಿ ಕಟ್ಟಿ, ತರಂಗವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪಿನಲ್ಲಿ ನೋಡುವುದು ಅಗತ್ಯ. ಉಪನ್ಯಾಸಕರು ಇದಕ್ಕೆ ಲ್ಯಾಬಿನ ಬಾಗಿಲು ತೆರೆದುಕೊಡಬೇಕೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಪಾಠವೆಲ್ಲ ಇಂಗ್ಲಿಷಿನಲ್ಲಿದೆ. ಕನ್ನಡ ಮಾಧ್ಯಮದಿಂದ ಬಂದವರು ವೇಗವನ್ನು ತಗ್ಗಿಸಿ, ಚಿತ್ರಗಳನ್ನು ನೋಟ್‌ಬುಕ್ಕಿನಲ್ಲಿ ತಾವೇ ಬಿಡಿಸುತ್ತಾ ಕೇಳಿದರೆ ಮೊದಲೆರಡು ವಾರಗಳಲ್ಲಿಯೇ ಕಿವಿ ಪಳಗುತ್ತದೆ.

ಪಾಠ ಉಚಿತ, ಪ್ರಮಾಣಪತ್ರ ಬೇಕೆಂದರೆ ಶುಲ್ಕ ಕಟ್ಟಿ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕ. ತೇರ್ಗಡೆಗೆ ಕ್ರಮವಾಗಿ 10 ಮತ್ತು 30 ಬೇಕು. ಪರೀಕ್ಷಾ ಕೇಂದ್ರಗಳ ಪಟ್ಟಿಯನ್ನು ನೋಡಿಯೇ ಹಣ ಕಟ್ಟಿ.

ಸರ್ಕ್ಯೂಟ್ ಥಿಯರಿ ಗಟ್ಟಿಯಿಲ್ಲದವರು ಇದಕ್ಕೆ ನೇರವಾಗಿ ಇಳಿಯಬಾರದು. ಐಐಟಿ ಮದ್ರಾಸಿನ ನಾಗೇಂದ್ರ ಕೃಷ್ಣಪುರ ಅವರ ‘ಬೇಸಿಕ್ ಎಲೆಕ್ಟ್ರಿಕಲ್ ಸರ್ಕ್ಯೂಟ್ಸ್’ ಕೋರ್ಸು ಇದೇ ತಾಣದಲ್ಲಿದೆ. ಅದನ್ನು ಒಂದು ಸೆಮಿಸ್ಟರಿನಲ್ಲಿ ಮುಗಿಸಿ, ಮುಂದಿನದರಲ್ಲಿ ಇದಕ್ಕೆ ಹೆಸರು ನೋಂದಾಯಿಸುವುದು ಒಳ್ಳೆಯದು.