ಶಂಶಾಬಾದಿನಿಂದ ಬೀದರಿಗೆ ಏರ್‌ಪೋರ್ಟ್ ಟ್ಯಾಕ್ಸಿ: ಗಾಡಿ ಹೇಳುವ ಮುಂಚೆ ಕೇಳಬೇಕಾದ್ದು

ವರ್ಷಗಟ್ಟಲೆ ದುಬೈ, ಸೌದಿ, ಕುವೈತಿನಲ್ಲಿದ್ದು ಮರಳುವವರ ಪಯಣ ವಿಮಾನ ಇಳಿದ ಕೂಡಲೇ ಮುಗಿಯುವುದಿಲ್ಲ. ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣದಿಂದ ಬೀದರಿಗೆ ಇನ್ನೂ ಸುಮಾರು 150 ಕಿ.ಮೀ., ಮೂರು ತಾಸಿನ ದಾರಿ. ಮೈಯಲ್ಲಿ ತ್ರಾಣವೇ ಉಳಿದಿರದ ಆ ಹೊತ್ತಿಗೆ ಬೀದರಿನ ಟ್ಯಾಕ್ಸಿಯವರ ಪಿಕಪ್ ಸೇವೆಯೇ ಎಲ್ಲಕ್ಕಿಂತ ಮೇಲು. ಮನೆ ಬಾಗಿಲಿಗೇ ಬಿಡುತ್ತಾರೆ, ಊರಿನ ಓಣಿ ಅವರಿಗೆ ಗೊತ್ತು. ಒಂದೇ ಬ್ಯಾಗಿನೊಂದಿಗೆ ಒಬ್ಬರೇ, ಅದೂ ಹಗಲಲ್ಲಿ ಇಳಿದರೆ ಬಸ್ಸು ಸಾಕು.

ಎಡವಟ್ಟಾಗುವುದು ಹೆಚ್ಚಾಗಿ ಗಾಡಿಯ ಆಯ್ಕೆಯಲ್ಲಿ. ಜನ ಎಷ್ಟು ಎಂದು ಲೆಕ್ಕ ಹಾಕುತ್ತೇವೆ, ಸಾಮಾನು ಎಷ್ಟು ಎಂದು ಹಾಕುವುದಿಲ್ಲ. ಸಿಎನ್‌ಜಿ ಡಿಸೈರ್ ಬಂದರೆ ಡಿಕ್ಕಿಯ ಅರ್ಧಕ್ಕಿಂತ ಹೆಚ್ಚು ಜಾಗವನ್ನು ಸಿಲಿಂಡರ್ ತಿಂದಿರುತ್ತದೆ. ದೊಡ್ಡ ಸೂಟ್‌ಕೇಸು ಮಲಗುವುದೇ ಇಲ್ಲ. ಎರ್ಟಿಗಾದಲ್ಲಿ ಮೂರನೇ ಸಾಲಿನ ಸೀಟು ಮಡಚದೆ ಇಟ್ಟರೆ ಹಿಂದೆ ಉಳಿಯುವುದು 209 ಲೀಟರ್ ಜಾಗ, ಎಂದರೆ ದೊಡ್ಡ ಬ್ಯಾಗು ಹೆಚ್ಚೆಂದರೆ ಎರಡು. ಆ ಸಾಲು ಮಡಚಿದರೆ ನಾಲ್ಕು ಮಂದಿ ಸಾಮಾನು ಸಮೇತ ಆರಾಮಾಗಿ ಬರಬಹುದು. ಕಂಬಳಿ, ಟಿವಿ, ರಟ್ಟಿನ ಪೆಟ್ಟಿಗೆ ಇದ್ದರೆ ಕ್ಯಾರಿಯರ್ ಇರುವ ಇನ್ನೋವಾವನ್ನೇ ಹೇಳಿ. ಹಗ್ಗ, ತಾಡಪತ್ರಿ ತರಲು ಮೊದಲೇ ತಿಳಿಸಿ. ಟಿವಿ ಮಾತ್ರ ಮೇಲೆ ಬೇಡ. ಸೀಟಿಗೆ ಒರಗಿಸಿ ನಿಲ್ಲಿಸಬೇಕು. ಮಲಗಿಸಿದರೆ ಕುಲುಕಾಟಕ್ಕೆ ಪರದೆ ಸೀಳಬಹುದು.

ಕರೆತರಲು ಮನೆಮಂದಿಯೆಲ್ಲ ಹೊರಡುವುದು ನಮ್ಮ ಕಡೆಯ ರೂಢಿ. ಅವರ ಪ್ರೀತಿಗೆ ಬೆಲೆ ಕಟ್ಟಲಾಗದು. ಆದರೂ ನಾಲ್ವರು ಹೋದರೆ ಬರುವಾಗ ಪೆಟ್ಟಿಗೆಗೆ ಜಾಗವಿರದೆ ಎರಡನೇ ಗಾಡಿ ಹಿಡಿಯಬೇಕಾಗುತ್ತದೆ. ಒಬ್ಬರು ಹೋದರೆ ಸಾಕು.

ಇನ್ನೊಂದು ತೊಡಕು ತಾರೀಖು. 14ರ ರಾತ್ರಿ 11ಕ್ಕೆ ದುಬೈ ಬಿಡುವ ವಿಮಾನ ಇಳಿಯುವುದು 15ರ ನಸುಕಿಗೆ. 'ಹದಿನಾಲ್ಕಕ್ಕೆ ಬರ್ತೀನಿ' ಎಂದರೆ ಡ್ರೈವರ್ ಒಂದು ದಿನ ಮೊದಲೇ ಹೋಗಿ ನಿಲ್ಲುತ್ತಾನೆ. ನಮ್ಮ ಸಮಯ ದುಬೈಗಿಂತ ಒಂದೂವರೆ ತಾಸು, ಸೌದಿಗಿಂತ ಎರಡೂವರೆ ತಾಸು ಮುಂದೆ. ಆದ್ದರಿಂದ ವಿಮಾನದ ನಂಬರು, ಹೈದರಾಬಾದಿಗೆ ಇಳಿಯುವ ತಾರೀಖು, ಭಾರತದ ಸಮಯ ಈ ಮೂರನ್ನೂ ಬರೆದು ಕಳಿಸಿ. ಇಳಿದ ಮೇಲೆ ಇಮಿಗ್ರೇಷನ್, ಸಾಮಾನು, ಕಸ್ಟಮ್ಸ್ ಎಂದು ಒಂದರಿಂದ ಒಂದೂವರೆ ತಾಸು ಹಿಡಿಯಿರಿ. 90 ದಿನ ಬಳಸದ ಸಿಮ್ ಬಂದ್ ಆಗಿರಬಹುದು, ಡ್ರೈವರ್ ನಂಬರನ್ನು ಚೀಟಿಯಲ್ಲೂ ಬರೆದಿಟ್ಟುಕೊಳ್ಳಿ.

ಬೆಲ್ಟಿನ ಮೇಲೆ ಬಂದ ಬ್ಯಾಗಿನ ಗಾಲಿ, ಜಿಪ್ಪು, ಹಿಡಿಕೆ ಅಲ್ಲೇ ನೋಡಿ. ಒಡೆದಿದ್ದರೆ ಹೊರಗೆ ಬರುವ ಮೊದಲು ವಿಮಾನ ಕಂಪನಿಯ ಕೌಂಟರಿನಲ್ಲಿ ಬರೆಸಿ, ಪ್ರತಿ ಪಡೆಯಿರಿ. ಕೆಟ್ಟ ಸಾಮಾನಿಗೆ ಲಿಖಿತ ದೂರು ಕೊಡಲು ಇರುವುದು 7 ದಿನ. ನೆಂಟರ ಮಾತುಕತೆಯಲ್ಲಿ ಆ ವಾರ ಹೇಗೆ ಹೋಯಿತೆಂದು ತಿಳಿಯುವುದೇ ಇಲ್ಲ.

ನಮಗೆ ನಿಜವಾದ ಚಿಂತೆ ಡ್ರೈವರ್ ನಿದ್ದೆಯದು. ಬೀದರಿನಿಂದ ರಾತ್ರಿ ಹೊರಟು, ಪಾರ್ಕಿಂಗಿನಲ್ಲಿ ಕಾದು, ಮತ್ತೆ ನಸುಕಿನ 3ರಿಂದ 5ರೊಳಗೆ ಓಡಿಸುವಾಗ ಕಣ್ಣು ಎಳೆಯುತ್ತದೆ. ಹೈದರಾಬಾದಿನ ರಿಂಗ್ ರೋಡ್ ನುಣುಪಾಗಿದೆ, ತಿರುವಿಲ್ಲ; ಅಲ್ಲೇ ಜೋಂಪು ಹತ್ತುವುದು. ಸಂಜೆಯೇ ಹೋಗಿ ಮೂರ್ನಾಲ್ಕು ತಾಸು ಮಲಗುವಂತೆ ಹೇಳಿ, ಅದಕ್ಕೆ ಬೇಕಾದ ಬಾಟಾ ಸೇರಿಸಿ ಕೊಡಿ. ಇಲ್ಲವೇ ಬೆಳಕು ಹರಿಯುವವರೆಗೆ ನಿಲ್ದಾಣದಲ್ಲೇ ಕೂತು ಹೊರಡಿ. ಪಟಾನ್‌ಚೆರು, ಸಂಗಾರೆಡ್ಡಿ ದಾಟಿ ಜಹೀರಾಬಾದಿನಲ್ಲಿ ಚಹಾಕ್ಕೆ ನಿಲ್ಲಿಸಿ. ಅಲ್ಲಿಂದ ಬೀದರ್ ಹತ್ತಿರ. ಕಲಬುರಗಿಯವರು ಜಹೀರಾಬಾದಿನಲ್ಲಿ ಬೀದರಿನ ಕಡೆ ತಿರುಗದೆ ನೇರ ಹುಮನಾಬಾದಿಗೆ ಹೋಗಬೇಕು.

ಹಳದಿ ಬೋರ್ಡಿನ ಗಾಡಿ, ತೆಲಂಗಾಣದ ಪರ್ಮಿಟ್ ಎರಡೂ ಇರಲಿ. ಬಾಡಿಗೆಗೆ ಓಡುವ ಬಿಳಿ ಬೋರ್ಡಿನ ಗಾಡಿ ಅಪಘಾತವಾದರೆ ವಿಮೆ ಕಂಪನಿ ಕೈ ಎತ್ತಬಹುದು. ಟೋಲು, ಪಾರ್ಕಿಂಗ್, ವೇಟಿಂಗ್ ದರದಲ್ಲಿ ಸೇರಿವೆಯೇ ಕೇಳಿ. ವೇಟಿಂಗನ್ನು ವಿಮಾನ ನಿಜವಾಗಿ ಇಳಿದ ಹೊತ್ತಿನಿಂದ ಎಣಿಸಬೇಕೆಂದು ಮೊದಲೇ ಒಪ್ಪಿಸಿ. ಸಿಮ್ ಬಂದ್ ಆಗಿದ್ದರೆ ಫೋನ್‌ಪೇಯೂ ನಡೆಯದಿರಬಹುದು, ಬಾಡಿಗೆಯಷ್ಟು ರೂಪಾಯಿ ನೋಟು ಕೈಯಲ್ಲಿರಲಿ.