ಹಳೇ ಜಿಪ್ಸಿಗೆ ಹೊಸ ಸ್ಟೀರಿಯೋ, ಹೊಸ ಕನ್ಸೋಲ್: ದೊಡ್ಡ ಸ್ಕ್ರೀನ್ ಬೇಡ ಅಂದವನ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ. ಕೊಡಗಿನಲ್ಲಿ ತೋಟಕ್ಕೂ ಪೇಟೆಗೂ ಓಡುವ ಹಳೇ ಗಾಡಿಗೆ ಒಂಬತ್ತು ಇಂಚಿನ ಆಂಡ್ರಾಯ್ಡ್ ಸ್ಕ್ರೀನ್ ಹಾಕಿಸುವುದು ದುಡ್ಡು ದಂಡ. ಕೈಗೆ ಸಿಗುವ ಬಟನ್, ತಿರುಗಿಸುವ ನಾಬ್ ಇರುವ ಸಿಂಗಲ್ ಡಿನ್ ಸೆಟ್ (ಡ್ಯಾಶ್‌ನ ಸಣ್ಣ ಕಿಂಡಿಗೆ ಕೂರುವ ಸ್ಟೀರಿಯೋ) ಸಾಕು. ಮಿಕ್ಕ ದುಡ್ಡನ್ನು ಸ್ಪೀಕರ್, ವೈರಿಂಗ್, ಎರಡು ಸೀಟಿನ ಮಧ್ಯೆ ಕೂರುವ, ಬೀಗ ಹಾಕುವ ಪೆಟ್ಟಿಗೆಗೆ, ಅಂದರೆ ಕನ್ಸೋಲಿಗೆ ಹಾಕಿ.

ನಮ್ಮದು 2005ರ ಜಿಪ್ಸಿ ಕಿಂಗ್, ಸಾಫ್ಟ್ ಟಾಪ್. ಎಂಜಿನ್ ಬಗ್ಗೆ ತಕರಾರಿಲ್ಲ, ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವುದು) ಅಲ್ವಾ, ಸುಮ್ನೆ ಓಡುತ್ತಾ ಇರುತ್ತದೆ. ಆದರೆ ಒಳಗೆ ಕೂತರೆ ಮಾರುತಿಯವರು ಸೀಟು, ಸ್ಟಿಯರಿಂಗ್ ಕೊಟ್ಟು ಉಳಿದದ್ದು ನೀವೇ ನೋಡಿಕೊಳ್ಳಿ ಅಂದ ಹಾಗಿದೆ. ಎರಡು ಸೀಟಿನ ಮಧ್ಯೆ ಗೇರ್ ಲಿವರ್, ಫೋರ್ ವೀಲ್ ಲಿವರ್, ಹ್ಯಾಂಡ್ ಬ್ರೇಕ್, ಅಷ್ಟೇ. ಫೋನ್ ಇಡಲು ಜಾಗ ಇಲ್ಲ, ಆರ್‌ಸಿ, ಇನ್ಶೂರೆನ್ಸ್ ಇಡಲು ಜಾಗ ಇಲ್ಲ. ಮಡಿಕೇರಿಯಿಂದ ಸಂಪಾಜೆಗೆ ಘಾಟಿ ಇಳಿದರೆ ಡ್ಯಾಶ್ ಮೇಲೆ ಇಟ್ಟದ್ದೆಲ್ಲ ಎರಡನೇ ತಿರುವಿನಲ್ಲೇ ಕಾಲಡಿಗೆ ಬಂದು ಬಿದ್ದಿರುತ್ತದೆ.

ಸ್ಕ್ರೀನ್ ಯಾಕೆ ಬೇಡ ಅಂದೆ ಅಂದರೆ, ಪಕ್ಕದ ತೋಟದ ಬಾವನ ಗಾಡಿಯಲ್ಲಿ ನೋಡಿದ್ದೇನೆ. ಕೀ ತಿರುಗಿಸಿದ ಮೇಲೆ ಲೋಗೋ ತೋರಿಸಿಕೊಂಡು ಕೂರುತ್ತದೆ, ಗೇಟ್ ದಾಟಿ ರಸ್ತೆಗೆ ಬಂದರೂ ಹಾಡು ಶುರುವಾಗಿರುವುದಿಲ್ಲ. ಬಿಸಿಲಿಗೆ ಏನೂ ಕಾಣುವುದಿಲ್ಲ. ಮಳೆಗಾಲದಲ್ಲಿ ಕ್ಯಾನ್ವಾಸ್ ಸಂದಿಯಿಂದ ಹನಿ ಬಿದ್ದರೆ ಟಚ್ ತಾನೇ ಕೆಲಸ ಮಾಡಿಕೊಳ್ಳುತ್ತದೆ, ಒದ್ದೆ ಬೆರಳಲ್ಲಿ ಮುಟ್ಟಿದರೆ ಮಾಡುವುದಿಲ್ಲ. ಅಗ್ಗದ ಸೆಟ್‌ಗಳು ಪೂರ್ತಿ ಆಫ್ ಆಗದೆ ಸ್ಟ್ಯಾಂಡ್‌ಬೈನಲ್ಲಿ ಕರೆಂಟ್ ಎಳೆಯುತ್ತಿರುತ್ತವೆ. ಆಟಿ ತಿಂಗಳ ಜಡಿಮಳೆಯಲ್ಲಿ ಗಾಡಿ ಶೆಡ್ಡಿನಿಂದ ಹೊರಗೇ ಬರದಿದ್ದರೆ ಬ್ಯಾಟರಿ ಕಥೆ ಮುಗಿಯಿತು. ಮ್ಯಾಪ್ ಬೇಕು ಅಂತೀರಾ? ತಿತಿಮತಿ ದಾಟಿ ಆನೆಚೌಕೂರು ಕಾಡು ಹೊಕ್ಕ ಮೇಲೆ ನೆಟ್‌ವರ್ಕ್ ಎಲ್ಲಿದೆ ಹೇಳಿ. ಅಲ್ಲಿ ಇರುವುದೂ ಒಂದೇ ರಸ್ತೆ.

ನಾನು ತಗೊಂಡದ್ದು ಪಯನೀರ್‌ನ ಸಿಂಗಲ್ ಡಿನ್, ಸಿಡಿ ಇಲ್ಲದ್ದು. ಯುಎಸ್‌ಬಿ, ಬ್ಲೂಟೂತ್, ಎಫ್‌ಎಂ ಇದೆ. ಮುಂಭಾಗ ಕಳಚಿ ಜೇಬಿಗೆ ಹಾಕಿಕೊಳ್ಳಬಹುದು, ಬಾಗಿಲಿಗೆ ಸರಿಯಾಗಿ ಬೀಗವೇ ಇಲ್ಲದ ಸಾಫ್ಟ್ ಟಾಪಿಗೆ ಇದಕ್ಕಿಂತ ದೊಡ್ಡ ಫೀಚರ್ ಬೇಕಿಲ್ಲ. ಡಿನ್ ಅಂದರೆ ಡ್ಯಾಶ್‌ನಲ್ಲಿರುವ ಕಿಂಡಿಯ ಅಳತೆ. ಸಿಂಗಲ್ ಅಂದರೆ ಸುಮಾರು 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. ಡಬಲ್ ಅಂದರೆ ಎತ್ತರ 100. ಹಳೇ ಗಾಡಿಗೆ ಡಬಲ್ ಕೂರಿಸಲು ಡ್ಯಾಶ್ ಕೊಯ್ಯಬೇಕಾಗುತ್ತದೆ. ಕೊಯ್ದ ಡ್ಯಾಶ್ ಮತ್ತೆ ಕೂಡುವುದಿಲ್ಲ.

ಎಫ್‌ಎಂ ಬಗ್ಗೆ ಒಂದು ವಿಷಯ, ಅಂಗಡಿಯವರು ಹೇಳುವುದಿಲ್ಲ. ಜಪಾನಿನಿಂದ ಬಂದ ಸೆಕೆಂಡ್ ಹ್ಯಾಂಡ್ ಸೆಟ್ ಅಗ್ಗಕ್ಕೆ ಸಿಗುತ್ತದೆ ಅಂತ ತರಬೇಡಿ. ಅಲ್ಲಿನ ಎಫ್‌ಎಂ ಬ್ಯಾಂಡೇ ಬೇರೆ, 76 ಮೆಗಾಹರ್ಟ್ಸ್‌ನಿಂದ ಶುರುವಾಗಿ ನಮ್ಮ ಸ್ಟೇಷನ್‌ಗಳು ಇರುವ ಜಾಗ ತಲುಪುವ ಮೊದಲೇ ನಿಂತುಬಿಡುತ್ತದೆ. ಇನ್ನು ಅಮೆರಿಕದ ಸೆಟ್ಟಿಂಗ್ ಇರುವ ಸೆಟ್ಟು 0.2 ಹೆಜ್ಜೆಯಲ್ಲಿ ಜಿಗಿಯುತ್ತದೆ, 103.1 ಆದ ಮೇಲೆ ಸೀದಾ 103.3, ಪಾಯಿಂಟ್ ಆದ ಮೇಲೆ ಬೆಸ ಅಂಕಿ ಇರುವಲ್ಲಿ ಮಾತ್ರ ನಿಲ್ಲುತ್ತದೆ. ಆಗ ಮಡಿಕೇರಿ ಆಕಾಶವಾಣಿ 103.1 ಸಿಗುತ್ತದೆ, ಮೈಸೂರಿನ 100.6 ಮಾತ್ರ ಸಿಗುವುದೇ ಇಲ್ಲ. ಕುಶಾಲನಗರ ದಾಟಿದ ಮೇಲೆ ರೇಡಿಯೋ ಹಾಳಾಗಿದೆ ಅಂದುಕೊಳ್ಳುತ್ತೀರಿ. ಮೆನುವಿನಲ್ಲಿ ಟ್ಯೂನರ್ ಸ್ಟೆಪ್ ಅಥವಾ ಏರಿಯಾ ಅಂತ ಇರುತ್ತದೆ, ಬದಲಾಯಿಸಿ, ಮುಗೀತು.

ಡಬ್ಬದ ಮೇಲೆ 50 ವ್ಯಾಟ್ ಇಂಟು 4 ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಅದು ಪೀಕ್ ಲೆಕ್ಕ. ನಿಜವಾಗಿ ಬಿಡದೆ ಕೊಡುವುದು ಅದರ ಅರ್ಧಕ್ಕೂ ಕಮ್ಮಿ. ಹಾಗಾಗಿ ಸ್ಪೀಕರ್ ತಗೊಳ್ಳುವಾಗ ವ್ಯಾಟ್ ನೋಡಬೇಡಿ, ಸೆನ್ಸಿಟಿವಿಟಿ (ಅಷ್ಟೇ ಪವರಿಗೆ ಎಷ್ಟು ಸದ್ದು ಕೊಡುತ್ತದೆ ಅನ್ನುವ ಲೆಕ್ಕ) ನೋಡಿ, 90 ಡೆಸಿಬಲ್‌ಗಿಂತ ಮೇಲಿರಲಿ. 3 ಡೆಸಿಬಲ್ ಜಾಸ್ತಿ ಇದ್ದರೆ ಅರ್ಧ ಪವರಿನಲ್ಲೇ ಅಷ್ಟೇ ಸದ್ದು ಬರುತ್ತದೆ. ತಲೆ ಮೇಲೆ ಬರೀ ಕ್ಯಾನ್ವಾಸ್ ಪಟಪಟ ಹೊಡೆದುಕೊಳ್ಳುವ ಗಾಡಿಯಲ್ಲಿ ಇದು ದೊಡ್ಡ ವ್ಯತ್ಯಾಸ. ಇನ್ನೊಂದು, ಪೇಪರ್ ಕೋನ್ ಬೇಡವೇ ಬೇಡ. ನಮ್ಮ ಥಂಡಿಗೆ ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ. ಪಾಲಿಪ್ರೊಪಿಲೀನ್ ಕೋನ್, ಸುತ್ತ ರಬ್ಬರ್ ಅಂಚು ಇರುವುದನ್ನೇ ಕೇಳಿ.

ನನ್ನ ಪರೀಕ್ಷೆ ವಾಲಗ, ಅಂದರೆ ನಮ್ಮ ಕೊಡಗಿನ ಕೊಂಬು, ಕೊಟ್ಟು (ಚರ್ಮವಾದ್ಯ) ಇರುವ ಮೇಳ. ನಗಬೇಡಿ, ಅದಕ್ಕಿಂತ ಕಷ್ಟದ ಪರೀಕ್ಷೆ ಇಲ್ಲ. ಕೊಂಬು ಮೇಲಕ್ಕೆ ಏರುವಾಗ ಹಳೇ ಸ್ಪೀಕರ್ ಕಿರ್ರ್ ಅಂತ ಒಡೆದುಹೋಗುತ್ತಿತ್ತು, ಕೊಟ್ಟು ಬಾರಿಸಿದ್ದು ಡಬ್ಬ ಬಡಿದ ಹಾಗೆ ಕೇಳುತ್ತಿತ್ತು. ಈಗ ಕೊಂಬಿನ ಉಸಿರು ಎಳೆಯುವುದೂ ಗೊತ್ತಾಗುತ್ತದೆ. ಕೆಳಗಿನ ಪೆಟ್ಟು ಮಾತ್ರ ಇನ್ನೂ ಸಾಲದು. ಹಿಂದೆ ವೀಲ್ ಆರ್ಚ್ ಮೇಲೆ ಪ್ಲೈವುಡ್ ಪೆಟ್ಟಿಗೆ ಮಾಡಿಸಿ ಸ್ಪೀಕರ್ ಕೂರಿಸಿದ್ದೇನೆ, ಅದಕ್ಕಿಂತ ದಮ್ಮು ಬೇಕಾದರೆ ಸಬ್‌ವೂಫರ್ ಹಾಕಬೇಕು. ಹಿಂದಿನ ಸೀಟಿನಲ್ಲಿ ಗೊಬ್ಬರದ ಚೀಲ ಬರುವ ಗಾಡಿಗೆ ಅದೆಲ್ಲ ಯಾಕೆ.

ಈಗ ಬೈಗುಳದ ಭಾಗ. ಸೆಟ್ ಕೂರಿಸಿದ ಮೊದಲ ಅಂಗಡಿಯವರು, ಹೆಸರು ಬೇಡ, ವೈರ್ ತಿರುಚಿ ಕಪ್ಪು ಟೇಪ್ ಸುತ್ತಿ ಕೈತೊಳೆದುಕೊಂಡಿದ್ದರು. ಮಳೆ ಶುರುವಾದ ಮೇಲೆ ಟೇಪಿನ ಅಂಟು ಬಿಟ್ಟು, ತಾಮ್ರ ಹಸಿರಾಗಿ, ಎಡಗಡೆ ಸ್ಪೀಕರ್ ಬಂದರೆ ಬಂತು. ಹಳದಿ ವೈರಿಗೂ ಕೆಂಪಿಗೂ ಅದಲುಬದಲು ಬೇರೆ. ಹಳದಿ ಬ್ಯಾಟರಿಯಿಂದ ಸದಾ ಇರಬೇಕು, ಕೆಂಪು ಕೀ ತಿರುಗಿಸಿದರೆ ಬರಬೇಕು. ಉಲ್ಟಾ ಆದರೆ ಕೀ ತೆಗೆದಾಗಲೆಲ್ಲ ಗಡಿಯಾರ, ಸ್ಟೇಷನ್ ಎಲ್ಲ ಅಳಿಸಿಹೋಗುತ್ತದೆ. ಜೊತೆಗೆ ಆಕ್ಸಿಲರೇಟರ್ ಒತ್ತಿದಂತೆ ಸ್ಪೀಕರಿನಲ್ಲಿ ಕುಂಯ್ ಅಂತ ಏರುವ ಒಂದು ಸದ್ದು. ಸೆಟ್ಟೇ ಡಿಫೆಕ್ಟ್, ವಾಪಸ್ ಕೊಡಿ ಅಂದರು.

ಗೋಣಿಕೊಪ್ಪದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹುಡುಗನ ಹತ್ತಿರ ಹೋದೆ. ಸೆಟ್ ಹೊರಗೆ ಎಳೆದು ನೋಡಿದವನೇ, "ಅಣ್ಣಾ, ಇದು ಸೆಟ್ ಪ್ರಾಬ್ಲಂ ಅಲ್ಲ, ಅರ್ಥ್ ಪ್ರಾಬ್ಲಂ" ಅಂದ. ಕಪ್ಪು ವೈರನ್ನು ಪೇಂಟ್ ಮೇಲೆಯೇ ಸ್ಕ್ರೂ ಹಾಕಿ ಬಿಗಿದಿದ್ದರು. ಅವನು ಉಪ್ಪುಕಾಗದದಲ್ಲಿ ಕಬ್ಬಿಣ ಬಿಳಿ ಕಾಣುವ ತನಕ ಉಜ್ಜಿದ, ಲಗ್ ಹಾಕಿ ಬೋಲ್ಟ್ ಬಿಗಿದ, ಮೇಲೆ ಚೂರು ಗ್ರೀಸ್ ಹಚ್ಚಿದ. ಕುಂಯ್ ಸದ್ದು ಅಲ್ಲೇ ನಿಂತಿತು. ಆಮೇಲೆ ಒಂದೊಂದೇ ಜಾಯಿಂಟ್ ಸೋಲ್ಡರ್ ಮಾಡಿ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯುವ ಕೊಳವೆ) ಹಾಕಿಕೊಟ್ಟ, ಹಳದಿ ವೈರಿಗೆ ಬ್ಯಾಟರಿ ಹತ್ತಿರವೇ ಫ್ಯೂಸ್ ಕೂರಿಸಿದ. ಕೆಲಸಕ್ಕೆ ಹತ್ತಕ್ಕೆ ಹತ್ತು. ಟೈಮಿಗೆ ಐದು, ಯಾಕೆಂದರೆ ಮಧ್ಯದಲ್ಲಿ ಯಾರದೋ ಪಿಕಪ್ಪಿನ ಸೆಲ್ಫ್ ಮೋಟಾರ್ ಬಿಚ್ಚಲು ಹೋದವನು ಸಂಜೆಗೆ ಬಂದ.

ಕನ್ಸೋಲ್ ಆನ್‌ಲೈನಲ್ಲಿ ರೆಡಿಮೇಡ್ ಸಿಗುತ್ತದೆ, ಫೈಬರಿಂದು. ಜಿಪ್ಸಿಗೇ ಮಾಡಿದ್ದು ಅಂತ ಬರೆದಿದ್ದರು. ಫೋಟೋದಲ್ಲಿ ಚಂದ. ಇಟ್ಟು ನೋಡಿದರೆ ಫೋರ್ ವೀಲ್ ಲಿವರ್ 4ಎಲ್‌ಗೆ, ಅಂದರೆ ಫೋರ್ ವೀಲ್ ಲೋ ಗೇರಿಗೆ, ಬೀಳುವ ಮೊದಲೇ ಕನ್ಸೋಲ್ ಅಂಚಿಗೆ ತಗಲುತ್ತದೆ. ಕೆಸರಲ್ಲಿ ಹೂತು ನಿಂತಾಗ ಲೋ ಬೀಳದ ಜಿಪ್ಸಿ ಇಟ್ಟುಕೊಂಡು ಏನು ಮಾಡುವುದು? ವಾಪಸ್ ಕಳಿಸಿದೆ.

ಕೊನೆಗೆ ಊರಿನ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದೆ, ಗೇಟು, ಗ್ರಿಲ್ ಮಾಡುವವರೇ. ಮೊದಲು ರಟ್ಟಿನಲ್ಲಿ ಕತ್ತರಿಸಿ ಇಟ್ಟು, ಎರಡೂ ಲಿವರನ್ನು ಎಲ್ಲ ಗೇರಿಗೂ ಹಾಕಿ ನೋಡಿ, ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದಾಗ ಬೆರಳಿನ ಗೆಣ್ಣು ಉಜ್ಜದ ಹಾಗೆ ಅಂಚು ತಗ್ಗಿಸಿ, ಆಮೇಲೆ 18 ಗೇಜ್ ಶೀಟ್. ಮುಚ್ಚಳಕ್ಕೆ ಕಪಾಟಿನ ಬೀಗ. ಒಳಗೆ ಕಾಗದಪತ್ರ, ಟಾರ್ಚ್, ಸ್ಟೀರಿಯೋದ ಮುಂಭಾಗ ಎಲ್ಲ ಹಿಡಿಸುತ್ತದೆ. ಕತ್ತಿ ಹಿಡಿಸುವುದಿಲ್ಲ, ಅದು ಸೀಟಿನ ಅಡಿಯಲ್ಲೇ. ತಳದಲ್ಲಿ ಎರಡು ತೂತು ಹೊಡೆಸಿ ಅಂದೆ, ಯಾಕೆ ಅಂತ ಅವರು ಕೇಳಲಿಲ್ಲ, ಸಾಫ್ಟ್ ಟಾಪ್ ಅಂದರೆ ನೀರು ಬಂದೇ ಬರುತ್ತದೆ ಅಂತ ಗೊತ್ತು. ವೆಲ್ಡ್ ಮಾಡಿ ಕೂರಿಸಲು ಬಿಡಬೇಡಿ, ಬೋಲ್ಟೇ ಹಾಕಿಸಿ. ಇಲ್ಲದಿದ್ದರೆ ನಾಳೆ ಗೇರ್ ಬಾಕ್ಸ್ ಕೆಲಸಕ್ಕೆ ಬಿಚ್ಚಬೇಕಾದಾಗ ಮೆಕ್ಯಾನಿಕ್ ನಿಮ್ಮನ್ನು ಬೈಯುತ್ತಾನೆ.

ಮೇಲೆ ರೆಕ್ಸಿನ್ ಹೊಲಿಸಿದ್ದು ಅಷ್ಟು ಸರಿ ಬಂದಿಲ್ಲ. ಮಳೆಗಾಲ ಮುಗಿಯುವಾಗ ಒಂದು ಮೂಲೆ ಎದ್ದಿದೆ, ಅಂಟಿನ ಬದಲು ರಿವೆಟ್ ಹೊಡೆಸಬೇಕು.

ಖರ್ಚು ಕೇಳುತ್ತೀರಿ ಅಂತ ಗೊತ್ತು. ಸೆಟ್, ಎರಡು ಜೋಡಿ ಸ್ಪೀಕರ್, ಕನ್ಸೋಲ್, ಕೂಲಿ ಎಲ್ಲ ಸೇರಿ ಹದಿನೈದು ಸಾವಿರದ ಆಸುಪಾಸು. ಬ್ಲೂಟೂತ್‌ನಲ್ಲಿ ಫೋನ್ ಮಾತಾಡುವುದಕ್ಕೋಸ್ಕರ ಇದನ್ನು ತಗೊಳ್ಳುವುದಾದರೆ ಬೇಡ. ಕ್ಯಾನ್ವಾಸ್ ಸದ್ದಿನಲ್ಲಿ ಆ ಕಡೆಯವರಿಗೆ ಒಂದಕ್ಷರ ಕೇಳುವುದಿಲ್ಲ. ಗಾಡಿ ಸೈಡಿಗೆ ಹಾಕಿ ಫೋನೇ ಕಿವಿಗಿಟ್ಟುಕೊಳ್ಳಬೇಕು.